ಕಡಲಾಮೆಯ ಬಾಚಣಿಗೆ, ಕೆರೆಕೋಡಿಯ ಹುಲ್ಲು

ನನ್ನ ಸೋದರತ್ತೆ ಪಿಳ್ಳಮ್ಮನ ಬಾಯಿಗೆ ಇಡೀ ಹಲಸೂರೇ ಹೆದರುತ್ತಿತ್ತು. ನನ್ನನ್ನೂ ಸೇರಿಸಿಕೊಳ್ಳಿ. ಮನೆಮನೆಯ ಹಿತ್ತಾಳೆ ಪಾತ್ರೆ ಬೆಳಗುವುದು ಅವಳ ಕೆಲಸ. ಬೆಳಗಲು ಅವಳು ಬಳಸುತ್ತಿದ್ದದ್ದು ಕೆರೆಕೋಡಿಯ ತೇವದಲ್ಲಿ ಬೆಳೆಯುವ, ಎಲೆಯೇ ಕಾಣದ, ಗೆಣ್ಣುಗೆಣ್ಣಿನ, ಮರಳಿನಂತೆ ತರಿತರಿಯಾದ ಒರಟು ಹುಲ್ಲು. ಅದನ್ನು ಕುದುರೆಬಾಲ ಎನ್ನುತ್ತಿದ್ದಳು.

ನಲವತ್ತಮೂರರಲ್ಲಿ ಯುದ್ಧದ ದೆಸೆಯಿಂದ ಉಜ್ಜುವ ಉಪ್ಪುಕಾಗದ ಅಂಗಡಿಗಳಲ್ಲಿ ಸಿಗದಂತಾಯಿತು. ಈಗಿನ ಶಿವಾಜಿನಗರದಲ್ಲಿ ಬಾಚಣಿಗೆ ಮಾಡುತ್ತಿದ್ದ ಅಹ್ಮದ್ ಪಾಷಾ ಪೇಚಿಗೆ ಸಿಕ್ಕಿಕೊಂಡ. ಶುಕ್ರವಾರ ಮಗಳು ನೂರ್‌ಜಹಾನಳ ನಿಕಾಹ್. ಗಿಣಿಮೂತಿಯ ಕಡಲಾಮೆಯ ಚಿಪ್ಪು, ಅವನ ಬಳಿ ಉಳಿದಿದ್ದ ಕೊನೆಯ ತುಂಡು, ಅವಳಿಗೆಂದೇ ಬಾಚಣಿಗೆಯಾಗಿತ್ತು. ಹೊಳಪು ಬರಿಸಬೇಕಿತ್ತು, ಅಷ್ಟೆ.

ಸುದ್ದಿ ಕೇಳಿದ ಅತ್ತೆ ಒಂದು ಕಟ್ಟು ಹುಲ್ಲು ಒಯ್ದು, "ನಾನೇ ಉಜ್ಜಿಕೊಡ್ಲಾ, ಸಾಬ್ರೇ?" ಎಂದಳು.

"ಪಾತ್ರೆ ಉಜ್ಜೋ ಕೈಗೆ ಇದನ್ನ ಕೊಡೋದಾ? ನಮ್ದು ಆಮೆ ಏಳು ಸಮುದ್ರ ಈಜಿದ್ದು. ನಿಮ್ದು ಹುಲ್ಲು ಕೋಡಿ ದಾಟಿಲ್ಲ!"

"ನಿಮ್ಮ ಆಮೆ ಬೆನ್ನ ಮೇಲೆ ಚಿಪ್ಪು ಹೊತ್ಕೊಂಡು ಮೆರೀತದೆ. ನನ್ನ ಹುಲ್ಲು ಮರಳನ್ನೆಲ್ಲ ಮೈಯೊಳಗೇ ಬಚ್ಚಿಟ್ಕೊಂಡಿದೆ. ಅದಕ್ಕೆ ಹೂವಿಲ್ಲ, ಕಾಯಿಲ್ಲ, ಜಂಬಾನೂ ಇಲ್ಲ," ಎಂದು ಅತ್ತೆ ಹುಲ್ಲಿನ ಕಟ್ಟನ್ನು ಅಲ್ಲೇ ಬಿಟ್ಟು ಎದ್ದು ಬಂದಳು. ಮನೆಗೆ ಬಂದ ಮೇಲೆ ಅತ್ತಳು. ಆ ಕೆಲಸಕ್ಕೆ ಕೈಹಾಕುವ ಆಸೆ ಅವಳಿಗೆ ಅಷ್ಟಿತ್ತು.

ಗುರುವಾರ ಬೆಳಿಗ್ಗೆ ಪಾಷಾನೇ ಓಡಿ ಬಂದ. ಬಾಚಣಿಗೆಯ ತುಂಬ ಗೀರು! ಒಣಹುಲ್ಲನ್ನು ಗೆಣ್ಣಿನ ಸಮೇತ ಹಿಡಿದು ಉಜ್ಜಿದ್ದನಂತೆ, ಪುಣ್ಯಾತ್ಮ. "ನಿಮ್ ಮನೆ..." ಎಂದು ಬೈಗುಳ ಶುರುಮಾಡಿದ ಅತ್ತೆ, ಮದುವೆಮನೆಯೆಂದು ನೆನಪಾಗಿ ನಾಲಗೆ ಕಚ್ಚಿಕೊಂಡಳು.

ಗೆಣ್ಣು ಕತ್ತರಿಸಿ ಎಸೆದಳು. ಹುಲ್ಲು ನೆನೆಸಿ, ಸೀಳಿ, ಬೆರಳಿಗೆ ಸುತ್ತಿಕೊಂಡು ಮೆಲ್ಲಗೆ ಉಜ್ಜತೊಡಗಿದಳು. ಪಾಷಾ ಪಕ್ಕದಲ್ಲೇ ಕೂತಿದ್ದ. ಮಧ್ಯಾಹ್ನದ ಹೊತ್ತಿಗೆ ಗೀರೆಲ್ಲ ಮಾಯವಾಗಿ, ಜೇನಿನ ಬಣ್ಣದ ಮೇಲೆ ಕಂದು ಮಚ್ಚೆಗಳು ಎದ್ದು ಕಂಡವು. ಅಬ್ಬಾ, ಎಂಥ ಹೊಳಪು!

ಮರುದಿನ ನಿಕಾಹ್ ಮುಗಿದ ಮೇಲೆ ಬೀಗರು ಬಾಚಣಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಯಾರ ಕೈಕೆಲಸವೆಂದು ಕೇಳಿದರು. ಪಾಷಾ ಎದ್ದು ನಿಂತು, ಬಾಗಿಲ ಬಳಿಯಿದ್ದ ಅತ್ತೆಯನ್ನು ತೋರಿಸಿದ.

"ಕೊರೆದಿದ್ದು ನಾನು. ಹೊಳಪು ಕೊಟ್ಟೋರು ಅವರು, ನಮ್ಮ ಉಸ್ತಾದ್."

ನಮ್ಮ ಪಿಳ್ಳತ್ತೆಗೆ ಬಾಯಿಂದ ಒಂದು ಮಾತೂ ಹೊರಡಲಿಲ್ಲ.