ಹೆಬ್ಬಾಳದ ಕೆರೆ ಏರಿಯ ಮೇಲೆ ಎರಡು ಬಾಟಲಿ

ಸೈಕಲ್ ರೇಸಿನಲ್ಲಿ ಯಾರು ಮೊದಲು ಗೆರೆ ದಾಟುತ್ತಾರೋ ಅವರೇ ಗೆದ್ದವರು ಎಂದು ನಾನು ಮದುವೆಯಾಗುವವರೆಗೂ ನಂಬಿಕೊಂಡಿದ್ದೆ. ಆಮೇಲೆ ಆ ನಂಬಿಕೆ ಹೋಯಿತು. ಅದರ ಜಾಗಕ್ಕೆ ಇನ್ನೊಂದು ತಿಳಿವಳಿಕೆಯಾದರೂ ಬರಬೇಕಿತ್ತಲ್ಲ, ಅದೂ ಬರಲಿಲ್ಲ. ಗಂಡನ ಬಾಯಲ್ಲಿ ಒಂದು ನ್ಯಾಯ, ಅಣ್ಣನ ಬಾಯಲ್ಲಿ ಇನ್ನೊಂದು ನ್ಯಾಯ. ಕೇಳುವಾಗ ಎರಡೂ ಸರಿಯೇ. ಇವತ್ತಿಗೂ ಅದನ್ನು ಬಿಡಿಸಿ ನೋಡಲು ಕೂತರೆ ತಲೆ ಕೆಟ್ಟು ಮೊಸರುಗಡಿಗೆಯಾಗುತ್ತದೆ.

ನನ್ನ ತವರು ಯಲಹಂಕ. ನಾನು ಚಿಕ್ಕವಳಿದ್ದಾಗಲೇ ಅಪ್ಪ ಅಮ್ಮ ತೀರಿಕೊಂಡರು. ಸಾಕಿದವನು ಅಣ್ಣ, ಸೈಕಲ್ ಕಲಿಸಿದವನೂ ಅವನೇ. ಐವತ್ತರ ದಶಕದಲ್ಲಿ ಅಲ್ಲಿನ ಹೆಣ್ಣುಮಗಳೊಬ್ಬಳು ಸೈಕಲ್ ಹತ್ತಿದರೆ ಬೀದಿಗೆಲ್ಲ ಬಿಟ್ಟಿ ನಾಟಕ. ಅಣ್ಣ ಯಾರ ಮಾತಿಗೂ ಕಿವಿಗೊಡಲಿಲ್ಲ. ಕ್ಯಾರಿಯರ್ ಹಿಡಿದುಕೊಂಡು ನನ್ನ ಹಿಂದೆ ಏದುಸಿರು ಬಿಡುತ್ತಾ ಓಡಿಬರುತ್ತಿದ್ದ. “ಗಾಲಿ ನೋಡ್ಬ್ಯಾಡ ಕಣಮ್ಮಿ, ದೂರ್ದಲ್ಲಿ ಆ ಹುಣಸೇಮರ ನೋಡು. ಗಾಲಿ ನೋಡಿದ್ರೆ ಬೀಳ್ತೀಯ” ಎನ್ನುತ್ತಿದ್ದ. ಬಿದ್ದೆ, ಎದ್ದೆ, ಕಲಿತೆ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಮಾತ್ರ ಗಟ್ಟಿಯಾಗಿ ಹಿಡಿದರೆ ಏನಾಗುತ್ತದೆ ಎನ್ನುವುದನ್ನೂ ಕಲಿತೆ. ಆ ಪಾಠದ ಗುರುತು ಮೊಣಕಾಲಿನ ಮೇಲೆ ಇನ್ನೂ ಇದೆ.

ಅಣ್ಣ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅಲ್ಲಿಯ ಸೈಕಲ್ ತಂಡದಲ್ಲಿ ಅವನೇ ಮುಖ್ಯ ಸವಾರ. ಯಶವಂತಪುರದ ಕಡೆ ಇನ್ನೊಂದು ಕಾರ್ಖಾನೆಯಿತ್ತು, ಅದಕ್ಕೂ ಒಂದು ತಂಡವಿತ್ತು, ಎರಡು ತಂಡಗಳಿಗೂ ಹಾವು ಮುಂಗುಸಿಯ ಸಂಬಂಧ. ವರ್ಷಕ್ಕೊಂದು ದೊಡ್ಡ ರೇಸು: ಯಶವಂತಪುರದಿಂದ ಹೊರಟು, ಮತ್ತಿಕೆರೆ ದಾಟಿ, ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆ ಹಿಡಿದು, ಯಲಹಂಕದ ಮೇಲೆ ದೇವನಹಳ್ಳಿ ಮುಟ್ಟಿ, ಅದೇ ದಾರಿಯಲ್ಲಿ ವಾಪಸ್ಸು. ಆ ದಿನ ಎರಡು ಕಾರ್ಖಾನೆಯವರೂ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿರಲಿಲ್ಲ.

ಇಂಥ ಎದುರು ತಂಡದಿಂದಲೇ ಅಣ್ಣ ನನಗೆ ಗಂಡು ತಂದ. “ತಿರುವಲ್ಲಿ ಅವ್ನು ಬಗ್ಗೋದು ನೋಡ್ಬೇಕು ಕಣಮ್ಮಿ. ಸೈಕಲ್ನ ಅಷ್ಟು ಅಚ್ಚುಕಟ್ಟಾಗಿ ಇಟ್ಕೊಂಡೋನು ಎಂಡ್ತೀನೂ ಅಂಗೇ ಇಟ್ಕೋತಾನೆ” ಎಂದ. ಚೈನಿಗೆ ಎಣ್ಣೆ ಬಿಡುವುದಕ್ಕೂ ಸಂಸಾರಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಅಣ್ಣ ಹೇಳಿದನಲ್ಲ ಎಂದು ಒಪ್ಪಿಕೊಂಡೆ. ಮದುವೆಯಾಗಿ ಯಶವಂತಪುರದ ಸ್ಟೇಷನ್ ಹಿಂದಿನ ಬೀದಿಗೆ ಬಂದೆ. ಭಾವ, ಭಾವ ಎಂದು ಒಬ್ಬರನ್ನೊಬ್ಬರು ಕರೆದುಕೊಂಡು ಇಬ್ಬರೂ ಚೆನ್ನಾಗಿಯೇ ಇದ್ದರು.

ಮದುವೆಯಾದ ಮೇಲೆ ಬಂದ ಮೊದಲ ರೇಸಿನಲ್ಲಿಯೇ ಎಡವಟ್ಟಾಯಿತು. ದೇವನಹಳ್ಳಿಯಿಂದ ಹಿಂತಿರುಗುವಾಗ ಇವರಿಬ್ಬರೇ ಎಲ್ಲರಿಗಿಂತ ಮುಂದಿದ್ದರಂತೆ. ಎದುರುಗಾಳಿ. ಮುಂದೆ ಹೋಗುವವನು ಗಾಳಿಯನ್ನು ಎದೆಯಲ್ಲಿ ತಳ್ಳಬೇಕು. ಅವನ ಗಾಲಿಗೆ ಗಾಲಿ ತಾಗುವಷ್ಟು ಹತ್ತಿರದಲ್ಲಿ ಬರುವವನಿಗೆ ಅರ್ಧ ಶ್ರಮ. ಮುಂದಿನವನು ಮೊಣಕೈ ಆಡಿಸಿದರೆ, ‘ನನಗೆ ಸಾಕಾಯಿತು, ನೀನು ಬಾ’ ಎಂದು ಅರ್ಥ. ಅಣ್ಣ ದಾರಿಯುದ್ದಕ್ಕೂ ಮೊಣಕೈ ಆಡಿಸಿದ. ನಮ್ಮ ಯಜಮಾನರು ಕದಲಲಿಲ್ಲ. ಕೊನೆಯ ತಿರುವಿನಲ್ಲಿ ಅವನ ಬೆನ್ನ ಹಿಂದಿನಿಂದ ಹೊರಗೆ ಬಂದು, ಮುಂದೆ ಹೋಗಿ ಗೆದ್ದರು.

“ಅದು ಕಳ್ತನ. ನನ್ ಬೆನ್ನಿಂದೆ ಸವಾರಿ ಮಾಡ್ಕಂಡು ಬಂದು ನನ್ಮುಂದೇನೇ ಆರ ಆಕುಸ್ಕೊಂಡ” ಎಂದು ಅಣ್ಣ.

“ಅದಕ್ಕೇ ರೇಸ್ ಅನ್ನೋದು. ಎದುರು ಟೀಮ್‌ನವನನ್ನ ನಾನ್ಯಾಕೆ ಎಳ್ಕೊಂಡ್ ಬರ್ಲಿ?” ಎಂದು ಇವರು.

ಅಣ್ಣ ಹೇಳಿದ್ದನ್ನು ಕೇಳಿದಾಗ ಗಂಡನ ಮೇಲೆ ಸಿಟ್ಟು ಬಂತು. ಗಂಡ ಹೇಳಿದ್ದನ್ನು ಕೇಳಿದಾಗ ಅಣ್ಣನ ಮೇಲೆ ಸಿಟ್ಟು ಬಂತು. ಕೊನೆಗೆ ಸೈಕಲ್ ಕಂಡುಹಿಡಿದವನ ಮೇಲೆ ಹರಿಹಾಯ್ದು ಸುಮ್ಮನಾದೆ. ಅಂದಿನಿಂದ ಭಾವ ಎನ್ನುವ ಮಾತು ಎರಡು ಮನೆಯಲ್ಲೂ ನಿಂತಿತು. ಇವರ ಬಾಯಲ್ಲಿ ಅವನು ‘ನಿಮ್ಮಣ್ಣ’, ಅವನ ಬಾಯಲ್ಲಿ ಇವರು ‘ನಿನ್ ಗಂಡ’. ಅಣ್ಣ ನಮ್ಮ ಹೊಸ್ತಿಲು ತುಳಿಯುವುದನ್ನು ಬಿಟ್ಟ.

ಈ ಮುನಿಸಿನಲ್ಲೇ ಆರೇಳು ತಿಂಗಳು ಕಳೆದ ಮೇಲೆ ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು; ತವರಿನವರು ಬಂದು ಕೇಳಿ ಕರೆದುಕೊಂಡು ಹೋಗಬೇಕು. ಅದಕ್ಕೆ ಮುಂಚೆ ಗಂಡನ ಮನೆಯವರು ಸಕ್ಕರೆ ಹಿಡಿದುಕೊಂಡು ಹೋಗಿ ವಿಷಯ ತಿಳಿಸಬೇಕು. “ಹೋಗಿ ಹೇಳಿ ಬನ್ರೀ” ಎಂದರೆ ಇವರು, “ನಾನ್ಯಾಕ್ ಹೋಗ್ಲಿ? ತಂಗಿ ಹೇಗಿದಾಳೆ ಅಂತ ಅವರೇ ಬಂದು ನೋಡ್ಲಿ” ಎಂದರು. ಬೇರೆ ಯಾರ ಕೈಯಲ್ಲಾದರೂ ಹೇಳಿಕಳಿಸಬಹುದಿತ್ತು. ಆದರೆ ನಾನೇನು ಕಡಿಮೆಯೇ, ಅವನಿಗೇ ಬೇಡವಾದರೆ ನನಗೂ ಬೇಡ ಎಂದು ಬಿಗಿದುಕೊಂಡೆ. ಅತ್ತೆ ಮಾತ್ರ ಸಾರಿಗೆ ಒಗ್ಗರಣೆ ಹಾಕುವಾಗಲೆಲ್ಲ, “ಕರೆಯೋರು ಇಲ್ದಿದ್ರೆ ಇಲ್ಲೇ ಆಗತ್ತೆ ಬಿಡು, ದಿಕ್ಕಿಲ್ದೋರ್ ಥರ” ಎಂದು ಒಂದು ಮಾತು ಸೇರಿಸುತ್ತಿದ್ದರು. ಅಣ್ಣ ಬಂದು ಕರೆಯದೆ ಹೆತ್ತರೆ ನನಗೆ ತವರೇ ಇಲ್ಲ ಎಂದು ಊರಿಗೆಲ್ಲ ಸಾರಿದ ಹಾಗೆ.

ಇವರಿಬ್ಬರೂ ಗಾಲಿಯ ಡೊಂಕು ತೆಗೆಸಲು ಹೋಗುತ್ತಿದ್ದುದು ಒಂದೇ ಅಂಗಡಿಗೆ. ಸ್ಟೇಷನ್ ರಸ್ತೆಯಲ್ಲಿದ್ದ ಸೈಕಲ್ ಶಾಪಿನ ಚಾಚಾ, ಬಿಳಿ ಗಡ್ಡದವರು. ಮಾರನೇ ವರ್ಷದ ರೇಸಿಗೆ ಮುಂಚೆ ಚಾಚಾ ಇಬ್ಬರ ಗಾಲಿಗಳನ್ನೂ ಮೊಳೆಗೆ ನೇತುಹಾಕಿ ಪಟ್ಟು ಹಿಡಿದರಂತೆ. “ಸೋತವರು ಗೆದ್ದವರ ಮನೇಗೆ ಹೋಗಿ ಊಟ ಮಾಡ್ಬೇಕು. ಹೂಂ ಅಂದ್ರೆ ಗಾಲಿ ಕೊಡ್ತೀನಿ. ಇಲ್ಲಾಂದ್ರೆ ಬಾಡಿಗೆ ಸೈಕಲ್ ತಗೊಂಡು ರೇಸ್ ಮಾಡ್ಕೊಳ್ಳಿ ಹೋಗಿ.” ಇಬ್ಬರೂ ಮುಖ ಊದಿಸಿಕೊಂಡೇ ಹೂಂ ಅಂದರು.

ಇದನ್ನು ಕೇಳಿ ನನಗೆ ಖುಷಿಯಾಗಬೇಕಿತ್ತು. ಬದಲಿಗೆ ಗಲಿಬಿಲಿಯಾಯಿತು. ಇವರು ಗೆದ್ದರೆ ಅಣ್ಣ ನಮ್ಮ ಮನೆಗೆ ಬರುತ್ತಾನೆ. ಬಂದರೆ ನನ್ನನ್ನು ನೋಡುತ್ತಾನೆ, ಮುಂದಿನದು ತಾನಾಗಿಯೇ ಆಗುತ್ತದೆ. ಆದರೆ ಎರಡನೇ ಸಲವೂ ಸೋತು ಬಂದವನು ಬಾಯಿಬಿಟ್ಟು ಮಾತಾಡುತ್ತಾನೆಯೇ? ಅಣ್ಣ ಗೆದ್ದರೆ ಇವರು ಯಲಹಂಕಕ್ಕೆ ಹೋಗುತ್ತಾರೆ. ಸೋತ ಮುಖ ಹೊತ್ತುಕೊಂಡು ಹೋದವರು ಉಂಡು ಎದ್ದು ಬರುತ್ತಾರೋ, ನನ್ನ ವಿಷಯ ಹೇಳುತ್ತಾರೋ? ದೇವರ ಮುಂದೆ ನಿಂತರೆ ಯಾರನ್ನು ಗೆಲ್ಲಿಸಪ್ಪಾ ಎಂದು ಬೇಡಿಕೊಳ್ಳುವುದೋ ತಿಳಿಯದೆ, ಸುಮ್ಮನೆ ಕರ್ಪೂರ ಹಚ್ಚಿ ಬರುತ್ತಿದ್ದೆ.

ಹೆಬ್ಬಾಳದ ಕೆರೆ ಏರಿಯ ಹತ್ತಿರ ಸವಾರರಿಗೆ ನೀರು ಕೊಡುವುದು ವಾಡಿಕೆ. ಒಂದೊಂದು ತಂಡದಿಂದ ಒಬ್ಬೊಬ್ಬರು ಅಲ್ಯೂಮಿನಿಯಂ ಬಾಟಲಿ ಹಿಡಿದು ನಿಂತಿರುತ್ತಾರೆ. ಬಾಟಲಿಯ ಕತ್ತನ್ನು ಬೆರಳ ತುದಿಯಲ್ಲಿ ಹಿಡಿದು ಚಾಚಬೇಕು, ಸವಾರ ಹಾಯುವಾಗ ಕಿತ್ತುಕೊಂಡು ಹೋಗುತ್ತಾನೆ. ಇವರ ತಂಡದ ಆ ಕೆಲಸದವನಿಗೆ ಚಳಿಜ್ವರ ಬಂದಿತ್ತು. “ನಾನು ನಿಲ್ತೀನಿ” ಎಂದೆ. ಸೈಕಲ್ ತುಳಿಯಲು ಬರುವ ಹೆಂಡತಿಗಿಂತ ಒಳ್ಳೆಯವರು ಇವರಿಗೆ ಬೇರೆ ಯಾರು ಸಿಗುತ್ತಿದ್ದರು? “ನಿಂತಲ್ಲೇ ಕೈ ಚಾಚು ಸಾಕು. ಓಡಗೀಡಬೇಡ” ಎಂದರು. ಅತ್ತೆ, ಐದು ತಿಂಗಳ ಬಸುರಿ ಕೆರೆ ಏರಿಯ ಮೇಲೆ ನಿಲ್ಲುವುದೇ ಎಂದು ಗೊಣಗಿದರು. ನಾನು ಸೆರಗು ಹೊದ್ದುಕೊಂಡು ಚಾಚಾ ಜೊತೆ ಜಟಕಾ ಹತ್ತಿದೆ.

ಚೀಲದಲ್ಲಿ ಎರಡು ಬಾಟಲಿಗಳಿದ್ದವು. ಒಂದರಲ್ಲಿ ಇವರಿಗೆ ನಿಂಬೆಹಣ್ಣಿನ ಪಾನಕ. ಇನ್ನೊಂದರಲ್ಲಿ ಶುಂಠಿ, ಇಂಗು ಹಾಕಿದ ನೀರು ಮಜ್ಜಿಗೆ. ಅಣ್ಣನಿಗೆ ಬಿಸಿಲಲ್ಲಿ ಅದೇ ಆಗಬೇಕು. ಬೆಳಿಗ್ಗೆ ಕೈ ತನ್ನ ಪಾಡಿಗೆ ತುಂಬಿತು, ಅಷ್ಟೆ. ಕೊಡುತ್ತೇನೆಂದು ಖಂಡಿತವಾಗಿ ಅಂದುಕೊಂಡಿರಲೂ ಇಲ್ಲ, ಕೊಡುವುದಿಲ್ಲವೆಂದೂ ಅಂದುಕೊಂಡಿರಲಿಲ್ಲ.

ಬಿಸಿಲು ಏರಿತು. ದನದ ಡಾಕ್ಟರುಗಳ ಕಾಲೇಜಿನ ಕಡೆಯ ಜನವೆಲ್ಲ ರಸ್ತೆಗೆ ಬಂದು ನಿಂತಿತ್ತು. ಯಲಹಂಕದ ದಿಕ್ಕಿನಿಂದ ಸವಾರರು ಕಾಣಿಸಿದರು. ಮುಂದೆ ನಮ್ಮ ಯಜಮಾನರು. ಹಾಯುವಾಗ ನನ್ನ ಮುಖವನ್ನೂ ನೋಡದೆ ಪಾನಕದ ಬಾಟಲಿ ಕಿತ್ತುಕೊಂಡು ಹೋದರು. ಇಪ್ಪತ್ತು ಮಾರು ಹಿಂದೆ ಅಣ್ಣ, ತನ್ನ ತಂಡದ ಇಬ್ಬರ ಜೊತೆ. ಅವರ ಕಡೆಯವನು ಚಾಚಿದ ಬಾಟಲಿ ಅಣ್ಣನ ಬೆರಳಿಗೆ ತಗುಲಿ ಕೆಳಗೆ ಬಿತ್ತು, ಉರುಳುತ್ತಾ ಏರಿಯ ಕೆಳಗೆ ಹೋಯಿತು. ಅಣ್ಣನ ತುಟಿ ಒಡೆದು ಬೆಳ್ಳಗಾಗಿತ್ತು.

ಆಮೇಲೆ ನಾನು ಯೋಚನೆ ಮಾಡಲಿಲ್ಲ. ಮಜ್ಜಿಗೆಯ ಬಾಟಲಿ ಹಿಡಿದು ಅವನ ಪಕ್ಕದಲ್ಲಿ ಓಡಿದೆ. “ಅಣ್ಣಾ, ತಗೋ! ತಗೋ!” ಅವನು ತಲೆಯಾಡಿಸಿದ, ಬೇಡ ಎಂದು. ನನಗೆ ಎಲ್ಲಿಂದ ಬಂತೋ ಆ ಹಟ, ಇನ್ನೂ ಜೋರಾಗಿ ಓಡಿದೆ. ಸೆರಗು ಜಾರಿ ಗಾಳಿಗೆ ಹಿಂದಕ್ಕೆ ಹಾರಿತು. ಹಿಂದೆ ಚಾಚಾ, “ಬೇಟೀ, ರುಕೋ! ನಿಲ್ಲಮ್ಮಾ!” ಎಂದು ಕೂಗುತ್ತಿದ್ದರು. ಅಣ್ಣ ಒಂದು ಸಲ ನನ್ನನ್ನು ತಿರುಗಿ ನೋಡಿದ. ತುಳಿಯುವುದನ್ನು ನಿಲ್ಲಿಸಿ, ವೇಗ ಇಳಿಸಿ, ಬಾಟಲಿ ತೆಗೆದುಕೊಂಡ. ಅಷ್ಟರಲ್ಲಿ ಅವನ ತಂಡದ ಇಬ್ಬರೂ ಮುಂದೆ ಹೋಗಿಬಿಟ್ಟಿದ್ದರು. ಒಬ್ಬನೇ ಎದುರುಗಾಳಿಗೆ ಸಿಕ್ಕಿಬಿದ್ದ. ನಾನು ಮಾತ್ರ ಏದುಸಿರು ಬಿಡುತ್ತಾ ರಸ್ತೆಯ ನಡುವೆ ನಿಂತು ನಕ್ಕೆ. ತೆಗೆದುಕೊಂಡನಲ್ಲ, ಮುನಿಸು ಮುಗಿಯಿತು ಎಂದುಕೊಂಡೆ.

ಜಟಕಾ ಯಶವಂತಪುರ ಮುಟ್ಟುವ ಹೊತ್ತಿಗೆ ಅಲ್ಲಿ ಸಂತೆ ಸೇರಿತ್ತು. ಮೊದಲು ಗೆರೆ ದಾಟಿದವರು ನಮ್ಮವರೇ. ಆದರೆ ಎದುರು ತಂಡದವರ ಕೈಯಿಂದ ಏನೂ ತೆಗೆದುಕೊಳ್ಳಕೂಡದು, ಅವರಿಗೆ ಕೊಡಲೂಕೂಡದು ಎಂದು ನಿಯಮವಿತ್ತಂತೆ. ತೆಗೆದುಕೊಂಡದ್ದಕ್ಕೆ ಅಣ್ಣನನ್ನು ರೇಸಿನಿಂದ ತೆಗೆದರು. ಕೊಟ್ಟವಳು ಹೆಂಡತಿ ಎಂದು ಇವರನ್ನೂ ತೆಗೆದರು. ಹಾರ ಯಾರೋ ಮೂರನೆಯವನ ಕೊರಳಿಗೆ ಬಿತ್ತು. “ತಂಗಿ ಗಂಡನಿಗೆ ರೇಸು ಬಿಟ್ಟುಕೊಟ್ಟ” ಎಂದು ಅಣ್ಣನ ತಂಡದವರು ಅವನ ಮೇಲೆ ಕೂಗುತ್ತಿದ್ದರು. “ಒಳಗೊಳಗೇ ಇಬ್ಬರೂ ಒಂದು” ಎಂದು ಇವರ ತಂಡದವರು ಇವರ ಮೇಲೆ ಕೂಗುತ್ತಿದ್ದರು. ವರ್ಷದಿಂದ ಮುಖ ನೋಡದ ಇಬ್ಬರಿಗೆ ಒಳಒಪ್ಪಂದದ ಅಪವಾದ! ನಗುವುದೋ ಅಳುವುದೋ ತಿಳಿಯಲಿಲ್ಲ.

ನನಗೆ ಆ ನಿಯಮ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ? ಬಾಯಾರಿದವನಿಗೆ ಮಜ್ಜಿಗೆ ಕೊಡಕೂಡದು ಎಂದು ಕಾನೂನು ಮಾಡಿದವರನ್ನು ಮೊದಲು ಬಳ್ಳಾರಿ ರಸ್ತೆಯ ಬಿಸಿಲಲ್ಲಿ ನಿಲ್ಲಿಸಬೇಕಿತ್ತು. ನನಗೆ ಭಯ ಹುಟ್ಟಿಸಿದ್ದು ಬೇರೆ. ಇಬ್ಬರನ್ನೂ ತೆಗೆದರೆ ಗೆದ್ದವರಾರು, ಸೋತವರಾರು? ಯಾರು ಯಾರ ಮನೆಗೆ ಹೋಗಬೇಕು? ಚಾಚಾರನ್ನು ಕೇಳಿದೆ. ಅವರು ಗಡ್ಡ ಕೆರೆದುಕೊಂಡು, “ನನಗೂ ಸಮಜ್ ಆಗ್ತಾ ಇಲ್ಲ ಬೇಟಿ” ಎಂದರು.

ಇವರು ಮನೆಗೆ ಬಂದು ತಟ್ಟೆ ತಳ್ಳಿ ಜಗಲಿಯ ಮೇಲೆ ಕೂತರು. “ಗೆದ್ದಿದ್ದೆ ಕಣೇ. ಗೆದ್ದಿದ್ದೆ. ನಿಮ್ಮಣ್ಣ ಬೇಕಂತ್ಲೇ ತಗೊಂಡ. ತಾನೂ ಮುಳುಗಿ ನನ್ನೂ ಮುಳುಗಿಸ್ದ” ಎಂದರು. ಇದೂ ನಿಜವಿರಬಹುದೇ ಎಂದು ನನಗೆ ಒಂದು ಗಳಿಗೆ ಅನ್ನಿಸಿತು. ಮಜ್ಜಿಗೆಯ ಆಸೆಗೆ ತೆಗೆದುಕೊಂಡನೋ, ತಂಗಿಯ ಮೇಲಿನ ಮಮತೆಗೋ, ಹಗೆಗೋ? ಮುನಿಸು ಮುಗಿಯಿತೆಂದು ನಕ್ಕವಳು ಈಗ ಒಳಗೆ ಹೋಗಿ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ದೀಪ ಹಚ್ಚುವ ಹೊತ್ತಿಗೆ ಹೊರಗೆ ಸೈಕಲ್ ನಿಲ್ಲಿಸಿದ ಸದ್ದಾಯಿತು. ಎದ್ದು ಬಂದು ನೋಡಿದರೆ ಅಣ್ಣ. ಇವರು ಜಗಲಿಯಿಂದ ಎದ್ದು ನಿಂತಿದ್ದರು. ಅಣ್ಣ ಇವರ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಾ ಕೇಳಿದ:

“ಎಷ್ಟನೇ ತಿಂಗ್ಳು?”

“ಐದು” ಎಂದೆ.

“ಯಾಕಮ್ಮಿ ಯೋಳ್ನಿಲ್ಲ?”

“ಯಾರಿಗೆ ಹೇಳ್ಲಿ? ಕೇಳೋಕೆ ನೀನು ಬಂದಿದ್ಯಾ?” ಎಂದು ರೇಗಿದೆ.

ಅವನು ಸೈಕಲಿನ ಸೀಟನ್ನು ಸವರುತ್ತಾ ಹೇಳಿದ: “ಬಾಟ್ಲಿ ಯಾಕ್ ಈಸ್ಕೊಂಡೆ ಅಂತ ಎಲ್ರೂ ಕೇಳುದ್ರು. ಏನಂತ ಯೋಳ್ಲಿ? ಬ್ಯಾಡ ಅಂದ್ರೂ ಓಡ್ಬರ್ತಾ ಇದ್ದೆ. ಸೆರಗು ಆರ್ತು ನೋಡು, ಆಗ ಕಾಣುಸ್ತು ನಂಗೆ. ಬಸ್ರಿ ಎಂಗ್ಸು, ಕಲ್ಲು ಎಡವಿ ಬಿದ್ರೆ ಏನ್ ಗತಿ? ಈಸ್ಕೊಂಡ್ರೆ ನಿಂತ್ಕೋತೀಯ ಅಂತ ಈಸ್ಕೊಂಡೆ ಕಣಮ್ಮಿ. ಕುಡೀಲೂ ಇಲ್ಲ ಅದ್ನ.”

ನನ್ನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆಂದೂ ಅನ್ನಿಸಲಿಲ್ಲ. ಮಧ್ಯಾಹ್ನದಿಂದ ತೂಗಿ ನೋಡಿದ ಕಾರಣಗಳಲ್ಲಿ ಇದೊಂದು ನನಗೆ ಹೊಳೆದೇ ಇರಲಿಲ್ಲ. ಇವರು ಒಳಗೆ ಹೋದರು. ಸಿಟ್ಟಿಗೆ ಹೋದರೋ ಎಂದು ನನಗೆ ಗಾಬರಿಯಾಯಿತು. ಚೊಂಬಿನಲ್ಲಿ ನೀರು ತಂದು, ಅಣ್ಣನ ಕಾಲ ಬಳಿ ಇಟ್ಟು, ಎಲ್ಲಿಯೋ ನೋಡುತ್ತಾ, “ಒಳಗ್ ಬನ್ನಿ ಭಾವ” ಎಂದರು.

ಅಣ್ಣ ಕಾಲು ತೊಳೆದುಕೊಂಡ. ಹೊಸ್ತಿಲು ದಾಟಿ ಬಂದು, ನಡುಮನೆಯಲ್ಲಿ ನಿಂತಿದ್ದ ಅತ್ತೆಯವರಿಗೆ ಕೈಮುಗಿದು, “ನಮ್ ಉಡ್ಗೀನ ಎರಿಗೆಗೆ ಕಳಿಸ್ಕೊಡಿ ತಾಯಿ” ಎಂದು ಕೇಳಿದ.