ತೆರೆದ ಅಂಗಡಿ, ಮುಚ್ಚಿದ ಸರ್ಚ್

ಮೊಬೈಲ್ ಮಾತು ಕೇಳಿ ನಮ್ಮಕ್ಕನ ಕೈ ಮುರಿಸಿದೆ. ಹೌದು, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಭಾನುವಳ್ಳಿಯಲ್ಲಿರುವ ನಮ್ಮ ಶಾಂತಕ್ಕನಿಗೆ ಹುಟ್ಟಿನಿಂದ ಎಡಗಾಲು ಸ್ವಲ್ಪ ಗಿಡ್ಡ. ಆ ಕಾಲಿನ ಚಪ್ಪಲಿಗೆ ಎರಡು ಬೆರಳು ದಪ್ಪದ ಸೋಲ್ ಬೇಕು. ಅದನ್ನು ಅಳತೆಗೆ ಸರಿಯಾಗಿ ಕೂರಿಸುವವರು ದಾವಣಗೆರೆಯ ಎಸ್.ಎಸ್. ಬಡಾವಣೆಯ ಹನುಮಂತಪ್ಪ. ನಾನೇ ಎಷ್ಟೋ ಸಲ ಅಕ್ಕನನ್ನು ಅಲ್ಲಿಗೆ ಕರೆದೊಯ್ದಿದ್ದೇನೆ. ಹಳೇ ಜೋಡಿ ಸವೆದಿದೆ, ಅವರು ಇದ್ದಾರಾ ನೋಡು ಅಂತ ಅಕ್ಕ ಫೋನ್ ಮಾಡಿದಳು.

ನನ್ನ ಮನೆಯಿಂದ ಸ್ಕೂಟರ್‌ನಲ್ಲಿ ಹತ್ತು ನಿಮಿಷ. ಹೋದೆನಾ? ಇಲ್ಲ. ಕೂತಲ್ಲೇ ಮೊಬೈಲಿನಲ್ಲಿ ಅವರ ಚಪ್ಪಲಿ ಅಂಗಡಿಯನ್ನು ಸರ್ಚ್ ಮಾಡಿದೆ. ಕೆಂಪಕ್ಷರದಲ್ಲಿ ಬಂತು: ಶಾಶ್ವತವಾಗಿ ಮುಚ್ಚಲಾಗಿದೆ. (ಕೆಳಗೆ ಹೈಹೀಲ್ಸ್ ಜಾಹೀರಾತು ಬೇರೆ.) ಅಕ್ಕನಿಗೆ ಹಾಗೇ ಹೇಳಿ, ಆನ್‌ಲೈನ್‌ನಲ್ಲಿ ಒಂದು ಜೋಡಿ ತರಿಸಿಕೊಟ್ಟೆ. ಸೋಲ್ ದಪ್ಪವೇನೋ ಇತ್ತು, ಅಳತೆ ಅವಳದಲ್ಲ. ಮೂರನೇ ವಾರ ಹರಿಹರದ ಬಸ್ ಹತ್ತುವಾಗ ಕಾಲು ಹೊರಳಿ ಬಿದ್ದಳು. ಬಲಗೈಗೆ ಪ್ಲಾಸ್ಟರ್.

ಹೋದ ವಾರ ಬೇರೇನೋ ಕೆಲಸಕ್ಕೆ ಆ ಬೀದಿಗೆ ಹೋದರೆ, ಅಂಗಡಿ ತೆರೆದಿದೆ! ಹನುಮಂತಪ್ಪ ಸೋಲಿಗೆ ಅಂಟು ಹಚ್ಚುತ್ತಾ ಕೂತಿದ್ದಾರೆ. ನನ್ನ ಕಥೆ ಕೇಳಿ ಬ್ರಷ್ ಕೆಳಗಿಟ್ಟರು. ಅಂಗಡಿ ಮುಚ್ಚಿಯೇ ಇಲ್ಲವಂತೆ. ದೂರದಿಂದ ಬರುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಬರುವುದನ್ನೇ ನಿಲ್ಲಿಸಿದರಂತೆ. ತಮ್ಮ ಕೈಗುಣವೇ ಕೆಟ್ಟಿತೇನೋ ಅಂತ ಒಳಗೊಳಗೇ ಕೊರಗಿದ್ದರಂತೆ.

ನನಗೆ ಮೈಯೆಲ್ಲ ಉರಿಯಿತು. ಅಲ್ಲೇ ನಿಂತು ಮೊಬೈಲಿನಲ್ಲಿದ್ದ ಆ ತಪ್ಪು ತಿದ್ದಲು ಹೊರಟೆ. ಫೋಟೊ ಕೇಳಿತು. ತೆರೆದ ಬಾಗಿಲಲ್ಲಿ ಹನುಮಂತಪ್ಪನವರನ್ನೇ ನಿಲ್ಲಿಸಿ ಫೋಟೊ ಕಳಿಸಿದೆ. ಮರುದಿನ ಉತ್ತರ: ನಿಮ್ಮ ಮಾಹಿತಿಯನ್ನು ಖಚಿತಪಡಿಸಲಾಗಲಿಲ್ಲ. ಮತ್ತೆ ಕಳಿಸಿದೆ. ಅದೇ ಉತ್ತರ. ಬೈಯೋಣವೆಂದರೆ ಆ ಕಡೆ ಒಬ್ಬ ಮನುಷ್ಯನಿಲ್ಲ. ಯಾರೋ ಎಲ್ಲೋ ಕೂತು ಬಟನ್ ಒತ್ತಿ ಒಬ್ಬರ ಅನ್ನದ ಬಾಗಿಲು ಹಾಕಬಹುದು. ಅದನ್ನು ತೆಗೆಸಲು ಮಾತ್ರ ಸಾಕ್ಷಿ, ಪುರಾವೆ. ಇದ್ಯಾವ ನ್ಯಾಯ?

ಭಾನುವಾರ ಹನುಮಂತಪ್ಪ ತಾವೇ ಬಸ್ ಹಿಡಿದು ಭಾನುವಳ್ಳಿಗೆ ಬಂದರು. ಅಕ್ಕನ ಪಾದವನ್ನು ಕಾಗದದ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ಪಕ್ಕದಲ್ಲಿ ಕೂತು ನಾನು ಮೊಬೈಲನ್ನು ಶಪಿಸುತ್ತಲೇ ಇದ್ದೆ. ಅವರು ತಲೆಯೆತ್ತಿದರು.

"ಮೊಬೈಲಿಗೆ ನನ್ನ ಗುರ್ತಿಲ್ಲ, ಬಿಡ್ರಿ. ನಿಮಗೈತಲ್ಲ? ಒಂದ್ಸಲ ಬಂದು ನೋಡಾಕೆ ಏನಾಗಿತ್ತು?"

ಇದಕ್ಕೆ ಉತ್ತರವನ್ನು ಎಲ್ಲಿ ಸರ್ಚ್ ಮಾಡಲಿ, ಹೇಳಿ?