ಮಾಂಸದ ಬುರುಜಿನ ಬೀಗದಕೈ

ಇಪ್ಪತ್ತೆರಡು ವರ್ಷಗಳಿಂದ ಚರ್ಚಿನ ಸುತ್ತಲಿನ ನಮ್ಮ ಕೋಟೆಯ ಬೀಗದಕೈ ರೆಗೀನಳ ಸೊಂಟದಲ್ಲಿದೆ. ಗಂಡ ಸತ್ತ ಮೇಲೆ ಅವಳಿಗೆ ಉಳಿದಿರುವ ಹೆಮ್ಮೆ ಅದೊಂದೇ. ಟ್ರಾನ್ಸಿಲ್ವೇನಿಯದಲ್ಲಿ ಜರ್ಮನ್ ಮೂಲದ ಸ್ಯಾಕ್ಸನರ ಈ ನಮ್ಮ ಹಳ್ಳಿಗೆ ಶತ್ರುಗಳು ಬರುವುದು ಎಂದೋ ನಿಂತಿತು. ಕೋಟೆಯ ಬುರುಜು ತಂಪಾಗಿದೆಯೆಂದು ಊರಿನವರೆಲ್ಲ ಅಲ್ಲಿ ಉಪ್ಪು ಹಾಕಿದ ಹಂದಿಮಾಂಸ ತೂಗುಹಾಕುತ್ತೇವೆ. ಭಾನುವಾರ ಬೆಳಿಗ್ಗೆ ರೆಗೀನ ಗಂಟೆ ಬಾರಿಸಿ ಬಾಗಿಲು ತೆರೆಯುತ್ತಾಳೆ. ವಾರಕ್ಕಾಗುವಷ್ಟು ಕೊಯ್ದುಕೊಂಡು, ಕೊಯ್ದ ಜಾಗಕ್ಕೆ ಅವರವರ ಮನೆಯ ಮುದ್ರೆ ಒತ್ತಬೇಕು. ಕಳ್ಳತನವಾದರೆ ಬೀಗದಕೈ ಅವತ್ತೇ ಬೇರೆಯವರ ಪಾಲು.

ಕಣ್ಣು ಮಂಜಾಗಿದ್ದ ಆಂದ್ರೆಯಾಸ್ ಕಳೆದ ಭಾನುವಾರ ಹೊಸ ಕನ್ನಡಕ ಏರಿಸಿಕೊಂಡು ಬಂದ. ಮಾಂಸದ ಮುಂದೆ ನಿಂತವನು ಬುರುಜು ಅದುರುವಂತೆ ಕೂಗಿದ.

"ಪಾದ್ರಿಗಳೇ, ಬನ್ನಿ ಇಲ್ಲಿ. ನನ್ನ ಮಾಂಸದ ಮೇಲೆ ರೆಗೀನಕ್ಕನ ಮುದ್ರೆ ಇದೆ. ಕದ್ದು ತಿಂದಿದ್ದಲ್ದೆ ಮುದ್ರೆ ಬೇರೆ ಒತ್ತಿದಾಳೆ."

ಎಲ್ಲರೂ ನೋಡಿದೆವು. ಮುದ್ರೆ ಅವಳದೇ. ಪಾದ್ರಿಗಳು ಮುಖ ಸಣ್ಣ ಮಾಡಿಕೊಂಡು, "ಏನಮ್ಮ ಇದು?" ಎಂದರು.

ರೆಗೀನ ಆಂದ್ರೆಯಾಸನ ಮುಖವನ್ನೊಮ್ಮೆ ನೋಡಿ, ಬೀಗದಕೈ ಬಿಚ್ಚಿ ಕಿಟಕಿಕಟ್ಟೆಯ ಮೇಲಿಟ್ಟಳು. ನನಗೆ ಮೈ ಉರಿದುಹೋಯಿತು. ನನ್ನ ಮಾಂಸ ನಾಲ್ಕನೆಯ ಕೊಕ್ಕೆಯಲ್ಲಿ, ಆಂದ್ರೆಯಾಸನದು ಐದನೆಯದರಲ್ಲಿ. ಅವನು ನಿಂತಿದ್ದದ್ದು ಆರನೆಯದರ ಮುಂದೆ.

"ಅದು ಅವಳದೇ ಮಾಂಸ ಕಣೋ," ಎಂದೆ. "ನಿಂದು ಪಕ್ಕದಲ್ಲಿ ತೂಗ್ತಾ ಇದೆ, ನೋಡು."

ಐದನೆಯ ಕೊಕ್ಕೆಯ ಮಾಂಸದ ಮೇಲೆ ಅವನ ಹಳೆಯ ಮುದ್ರೆ ಒಣಗಿ ಹಾಗೇ ಇತ್ತು.

"ನಾನು ಬಾಗಿಲಿಂದ ಕೈಯಲ್ಲಿ ತಡವಿ ಐದು ಎಣಿಸ್ತೀನಿ. ಯಾವತ್ತೂ ತಪ್ಪಿಲ್ಲ," ಎಂದ ಆಂದ್ರೆಯಾಸ್.

"ಮುರಿದ ಮೊದಲನೇ ಕೊಕ್ಕೇನ ಕಮ್ಮಾರ ಬಿಚ್ಕೊಂಡು ಹೋಗಿ ಮೂರು ವಾರ ಆಯ್ತಲ್ಲ ಮಾರಾಯ," ಎಂದೆ. "ಈಗ ಐದು ಎಣಿಸಿದ್ರೆ ಕೈ ಹೋಗೋದು ಆರನೇದಕ್ಕೆ."

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಹಾಗಾದ್ರೆ ಮೂರು ವಾರದಿಂದ ನಾನು ತಿಂದಿದ್ದು?"

"ನಂದು," ಎಂದಳು ರೆಗೀನ. "ನೀನು ಕೊಯ್ದು ಹೋದ ಮೇಲೆ, ಕೊನೇಲಿ ನಾನು ಕೊಯ್ಕೊಳ್ತಿದ್ದೆ."

"ನನ್ನ ಮುದ್ರೆ ನೋಡಿಯೂ ಸುಮ್ನಿದ್ಯಾ?"

"ನಿನ್ನ ಹೆಂಡ್ತಿ ಹಾಸಿಗೆ ಹಿಡಿದಿದಾಳೆ. ಕೈ ಬಿಗಿಯಾಗಿ ನಿಂದನ್ನ ಮುಂದಕ್ಕೆ ಉಳಿಸ್ಕೊಳ್ತಿರಬೇಕು, ಕೇಳೋಕೆ ನಾಚ್ಕೊಂಡಿರಬೇಕು ಅಂದ್ಕೊಂಡೆ. ಊರ ಮುಂದೆ ಹೆಂಗಪ್ಪ ಹೇಳಲಿ?"

ನಗಲು ಬಾಯಿ ತೆರೆದಿದ್ದವರೆಲ್ಲ ಹಾಗೇ ಮುಚ್ಚಿಕೊಂಡರು. ಆಂದ್ರೆಯಾಸ್ ತಾನೇ ಹೋಗಿ ಬೀಗದಕೈ ತಂದು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಆಮೇಲೆ ಚಾಕು ತೆಗೆದು ತನ್ನ ಮಾಂಸದಲ್ಲಿ ಮೂರು ವಾರದ್ದನ್ನು ಅವಳಿಗೆಂದು ಕೊಯ್ಯತೊಡಗಿದ.

ರೆಗೀನ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಇನ್ನೊಂಚೂರು ದಪ್ಪಕ್ಕೆ ಕೊಯ್ಯಪ್ಪ," ಎಂದಳು. "ನಂದನ್ನ ನೀನು ಇಷ್ಟು ತೆಳ್ಳಗೆ ಕೊಯ್ತಿರಲಿಲ್ಲ."